ಕೆರೆ ಸುತ್ತಿದ ಚುಕ್ಕೆ

ಬೆಳಿಗ್ಗೆ ಆರೂವರೆ. ಇಸ್ತ್ರಿ ಅಂಗಡಿಯ ದೊಡ್ಡಕ್ಕ ತನ್ನ ಮನೆಯ ಒಳಮೆಟ್ಟಿಲಿನ ಬುಡದಲ್ಲಿ ತಲೆಗೆ ಪೆಟ್ಟಾಗಿ ಸತ್ತಳು. ಅವಳ ಫೋನಿನ ಪ್ರಕಾರ, ಅದೇ ಹೊತ್ತಿನಲ್ಲಿ ಅವಳು ಕೆರೆ ದಂಡೆಯ ಮೇಲೆ ಬಿರುಸಾಗಿ ನಡೆಯುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಸತ್ತವಳ ತಂಗಿ ಚಿಕ್ಕಕ್ಕ ಎದುರುಮನೆಯ ಮಹಡಿ ಹತ್ತಿ ಬಂದು ಡೆಸ್ಕಮ್ಮನ ಮುಂದೆ ಕೂತಾಗ ಫೋಟೋ ಮಾಮ ಅಲ್ಲೇ ಇದ್ದ. ಅವನು ಅಲ್ಲಿಲ್ಲದ ದಿನಗಳು ಕಡಿಮೆ. ಒಂದೇ ಪತ್ರಿಕೆಯಲ್ಲಿ ಡೆಸ್ಕಮ್ಮ ಸುದ್ದಿ ತಿದ್ದುತ್ತಿದ್ದವರು, ಮಾಮ ಫೋಟೋ ತೆಗೆಯುತ್ತಿದ್ದವನು. ನಿವೃತ್ತಿಯಾದ ಮೇಲೂ ಅವರು ತಿದ್ದುವುದನ್ನು ಬಿಟ್ಟಿರಲಿಲ್ಲ, ಇವನು ನೋಡುವುದನ್ನು ಬಿಟ್ಟಿರಲಿಲ್ಲ. ಬೀದಿಯಲ್ಲಿ ಏನಾದರೂ ಕಳೆದುಹೋದರೆ ಜನ ಪೊಲೀಸ್ ಠಾಣೆಗಿಂತ ಮೊದಲು ಆ ಮಹಡಿ ಹತ್ತುತ್ತಿದ್ದರು.

ಚಿಕ್ಕಕ್ಕನ ಕಣ್ಣು ಊದಿಕೊಂಡಿತ್ತು. ಸಂಜೆ ಇನ್ಸ್‌ಪೆಕ್ಟರ್ ಬಂದು ತನ್ನನ್ನು ಠಾಣೆಗೆ ಕರೆದೊಯ್ಯುತ್ತಾನೆ ಎಂದಳು. ಮನೆ ಅಕ್ಕತಂಗಿಯರಿಬ್ಬರ ಹೆಸರಿನಲ್ಲಿತ್ತು, ಬಾಗಿಲು ಒಡೆದಿರಲಿಲ್ಲ, ಗಲ್ಲಾಪೆಟ್ಟಿಗೆ ಇದ್ದ ಹಾಗೇ ಇತ್ತು. ಅದಕ್ಕೂ ಮೇಲೆ, ಅವಳು ಒಂದು ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಳು.

"ಅಕ್ಕ ನನ್ನ ಜೊತೆ ಕೆರೆಗೆ ಬಂದಿದ್ಲು, ಅರ್ಧ ದಾರೀಲಿ ವಾಪಸ್ ಹೋದ್ಲು, ಫೋನು ನನ್ನ ಹತ್ರಾನೇ ಉಳೀತು ಅಂತ ಹೇಳಿಬಿಟ್ಟೆ ಮೇಡಂ. ವಾಕಿಂಗ್ ಗುಂಪಿನವರನ್ನ ಕೇಳಿದ್ರೆ ಅಕ್ಕ ಕೆರೆ ಕಡೆ ತಲೆ ಹಾಕಿ ಎಷ್ಟೋ ತಿಂಗಳಾಯ್ತು ಅಂದ್ರಂತೆ."

"ಯಾಕೆ ಸುಳ್ಳು ಹೇಳಿದೆ?"

ಚಿಕ್ಕಕ್ಕ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿದಳು. ಆಮೇಲೆ ಒಂದೊಂದಾಗಿ ಹೊರಬಂತು. ಒಂದು ನಡಿಗೆ ಆ್ಯಪ್ ಇದೆ. ದಿನಾ ಹೆಜ್ಜೆ ಎಣಿಸಿ ಸೋಪು, ಎಣ್ಣೆಯ ಮೇಲೆ ಕೂಪನ್ ಕೊಡುತ್ತದೆ. ಬೀದಿಯ ಹೆಂಗಸರೆಲ್ಲ ಅದಕ್ಕೆ ಸೇರಿದ್ದರು. ಮೊದಮೊದಲು ಎಲ್ಲರೂ ನಡೆದರು. ಆಮೇಲೆ ಒಬ್ಬಳಿಗೆ ನೆಗಡಿ, ಒಬ್ಬಳ ಮನೆಗೆ ನೆಂಟರು. ಬಾರದವರ ಫೋನುಗಳನ್ನು ಬಂದವರು ಚೀಲದಲ್ಲಿ ಹಾಕಿಕೊಂಡು ಕೆರೆ ಸುತ್ತುವುದು ರೂಢಿಯಾಯಿತು. ಮೂಲೆಮನೆಯಾಕೆ ತನ್ನ ಫೋನನ್ನು ನಾಯಿಯ ಕೊರಳಿಗೆ ಕಟ್ಟಿ ಬೀದಿಗೇ ಮೊದಲ ಸ್ಥಾನ ಪಡೆದಿದ್ದಳು. ದೊಡ್ಡಕ್ಕನ ಮಂಡಿ ಕೆಟ್ಟ ಮೇಲೆ ಅವಳ ಫೋನು ದಿನವೂ ತಂಗಿಯ ಚೀಲದಲ್ಲಿ ಕೆರೆಗೆ ಹೋಗಿ ಬರುತ್ತಿತ್ತು.

"ಮೋಸ ಮಾಡಿದೀವಿ ಅಂತ ಆ್ಯಪ್‌ನವರು ಕೇಸ್ ಹಾಕ್ತಾರೇನೋ ಅಂತ ಹೆದರಿದೆ. ಬೀದಿಯೋರೆಲ್ಲ ಸಿಕ್ಕಿಹಾಕ್ಕೋತಾರಲ್ಲ ಅಂತ."

ಮಾಮನಿಗೆ ನಗು ಬಂತು, ಹೊರಗೆ ಬಿಡಲಿಲ್ಲ. ಡೆಸ್ಕಮ್ಮ ನಗಲಿಲ್ಲ. ಪತ್ರಿಕೆಯಲ್ಲಿ ಅವರು ಪ್ರತಿ ವರದಿಗಾರನಿಗೂ ಎರಡು ಪ್ರಶ್ನೆ ಕೇಳುತ್ತಿದ್ದರು: ಇದನ್ನು ಹೇಳಿದ್ದು ಯಾರು? ಅವರಿಗೆ ಹೇಗೆ ಗೊತ್ತು? ಈಗಲೂ ಕನ್ನಡಕ ಒರೆಸಿಕೊಳ್ಳುತ್ತ ಅದನ್ನೇ ಯೋಚಿಸುತ್ತಿದ್ದಾರೆ ಎಂದು ಮಾಮನಿಗೆ ಅನ್ನಿಸಿತು.

"ಅಷ್ಟು ಕೂಪನ್ ತಗೊಂಡು ನಿಮ್ಮಕ್ಕ ಏನು ಮಾಡ್ತಿದ್ಲು?"

"ಏನೂ ಇಲ್ಲ. ತಿಂಗಳು ತಿಂಗಳೂ ಹಾಳಾಗೋವು. ನಂಗಾದ್ರೂ ಕೊಡೇ ಅಂದ್ರೆ ತಗೋ ಅನ್ನೋಳು. ಆದ್ರೆ ಒಂದು ದಿನ ನಾನು ಫೋನು ಮರೆತು ಹೋದ್ರೆ ಮಾತ್ರ ಇಡೀ ದಿನ ಮುಖ ಗಂಟು ಹಾಕ್ಕೊಂಡು ಕೂರೋಳು."

ಡೆಸ್ಕಮ್ಮ ಎದ್ದರು. "ಬಾರಯ್ಯ, ಅಂಗಡಿ ನೋಡೋಣ."

ಅಂಗಡಿ ಕೆಳಗೆ, ಮನೆ ಮೇಲೆ. ಮುಂದೆ ಇಸ್ತ್ರಿಯ ಉದ್ದನೆಯ ಮೇಜು. ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಿ ತೂಗುಬಿಟ್ಟ ಬಟ್ಟೆಗಳ ಸಾಲುಗಳು, ಅವುಗಳ ಆಚೆ ಮೇಲಕ್ಕೆ ಹೋಗುವ ಮರದ ಮೆಟ್ಟಿಲು. ಹಿತ್ತಿಲ ಬಾಗಿಲ ಬಳಿ ನಿಂತರೆ ಬಟ್ಟೆಗಳ ಮರೆಯಲ್ಲಿ ಮೆಟ್ಟಿಲು ಕಾಣುತ್ತಲೇ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಡಬ್ಬಿಯೊಂದರಲ್ಲಿ ಬಣ್ಣಬಣ್ಣದ ಗುಂಡಿಗಳಿದ್ದವು. ಬಟ್ಟೆಗಳಿಂದ ಕಿತ್ತುಬಂದವು, ಅಕ್ಕನ ಮಗಳು ಚಿಕ್ಕವಳಿದ್ದಾಗ ಆರಿಸಿಟ್ಟಿದ್ದು ಎಂದಳು ಚಿಕ್ಕಕ್ಕ. ಆ ಮಗಳು ಈಗೆಲ್ಲಿ ಎಂದು ಕೇಳಿದ್ದಕ್ಕೆ ಅವಳ ದನಿ ಇಳಿಯಿತು. ಅಕ್ಕನ ಗಂಡ ಸತ್ತಾಗ ಮಗಳು ತಡವಾಗಿ ಬಂದಳೆಂದು ಅಕ್ಕ ಎಲ್ಲರೆದುರು ಅವಳಿಗೆ ಈ ಹೊಸ್ತಿಲು ತುಳಿಯಬೇಡ ಎಂದಿದ್ದಳಂತೆ. ತುಳಿಯಲಿಲ್ಲ. ಆರು ವರ್ಷವಾಯಿತು. ಸಾವಿನ ಸುದ್ದಿ ತಿಳಿಸೋಣವೆಂದರೆ ಹಳೆಯ ನಂಬರು ಚಾಲ್ತಿಯಲ್ಲಿರಲಿಲ್ಲ.

ಇನ್ಸ್‌ಪೆಕ್ಟರ್ ಅಂಗಡಿಯನ್ನು ಮತ್ತೊಮ್ಮೆ ನೋಡಲು ಬಂದು ಅಲ್ಲಿಯೇ ಇದ್ದ. ಡೆಸ್ಕಮ್ಮನನ್ನು ಕಂಡರೆ ಅವನಿಗೆ ಅರ್ಧ ಗೌರವ, ಅರ್ಧ ತಲೆನೋವು. ಹಿತ್ತಿಲ ಬಾಗಿಲನ್ನು ತೆಗೆದು ತೋರಿಸು ಎಂದಾಗ ಬೀಗದ ಕೈ ಹಾಕಿ ಒದ್ದಾಡಿದ, ಬಾಗಿಲನ್ನು ಗಡಗಡ ಅಲ್ಲಾಡಿಸಿದ, ಬೆವೆತ. ಚಿಕ್ಕಕ್ಕ ಹೋಗಿ ಹಿಡಿಯನ್ನು ಒಂದಿಷ್ಟು ಮೇಲಕ್ಕೆತ್ತಿ ತಿರುಗಿಸಿದಳು. ಕ್ಲಿಕ್ ಎಂದಿದ್ದಷ್ಟೇ, ಬಾಗಿಲು ತೆರೆಯಿತು. ಬೀಗ ಭಾವನ ಕಾಲದ್ದು, ಬದಲಿಸಿಯೇ ಇಲ್ಲ ಎಂದಳು.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಧೊಪ್ಪೆಂದು ಸದ್ದಾಯಿತು. ಇನ್ಸ್‌ಪೆಕ್ಟರ್ ಹೌಹಾರಿ ತಿರುಗಿದ. ಅಂಗಡಿಯಲ್ಲಿ ಕೆಲಸಕ್ಕಿದ್ದ ಇಸ್ತ್ರಿಯವನು ಮೇಲಿನ ತಾರಸಿಯಲ್ಲಿ ಒಣಗಿದ ಬಟ್ಟೆಗಳನ್ನು ಗಂಟು ಕಟ್ಟಿ ಮೆಟ್ಟಿಲ ಮೇಲಿಂದ ಉರುಳಿಸಿದ್ದ.

"ಹೀಗೇನಾ ದಿನಾ?" ಎಂದು ಕೇಳಿದರು ಡೆಸ್ಕಮ್ಮ.

"ಯಜಮಾನ್ರ ಕಾಲದಿಂದ ಹೀಗೇ ಅಮ್ಮಾ. ಹೊತ್ಕೊಂಡು ಇಳಿದ್ರೆ ನನ್ನ ಸೊಂಟ ಉಳೀಬೇಕಲ್ಲ" ಎಂದ ಅವನು.

ಹಿಂದಿನ ಕೋಣೆಯಲ್ಲಿ ಹಿತ್ತಿಲ ಬಾಗಿಲ ಬಳಿಯ ಕೊನೆಯ ಸಾಲಿಗೆ ಅಂಗಡಿಯಲ್ಲಿ ಒಂದು ಹೆಸರಿತ್ತು: ಬಾರದವರ ಸಾಲು. ಕೊಟ್ಟವರು ಬಂದು ಒಯ್ಯದ ಬಟ್ಟೆಗಳೆಲ್ಲ ಅಲ್ಲಿ. ಅದರಲ್ಲೊಂದು ಹ್ಯಾಂಗರು ಬರಿದಾಗಿತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಮೂರು ಮಡಿಕೆ ಮಾಡಿ, ತುದಿಯನ್ನು ಒಳಗೆ ಸಿಕ್ಕಿಸಿ ಪಕ್ಕದ ಮಣೆಯ ಮೇಲೆ ಇಟ್ಟಿತ್ತು. ಮಾಮ ಅದರ ಫೋಟೋ ತೆಗೆದ. ಅಂಗಡಿಯಲ್ಲಿ ಎಲ್ಲ ಹೊದಿಕೆಗಳನ್ನೂ ಹಾಗೆಯೇ ಮಡಿಸಿಟ್ಟಿದ್ದನ್ನು ಆಮೇಲೆ ಗಮನಿಸಿದ.

ಅಲ್ಲಿ ತೂಗುತ್ತಿದ್ದುದು ಯಜಮಾನರ ಕೋಟು ಎಂದ ಇಸ್ತ್ರಿಯವನು. ದೊಡ್ಡಕ್ಕ ವರ್ಷಕ್ಕೊಮ್ಮೆ ಒಗೆದು, ತಾನೇ ಇಸ್ತ್ರಿ ಮಾಡಿ ಮತ್ತೆ ಅಲ್ಲೇ ತೂಗುಹಾಕುತ್ತಿದ್ದಳಂತೆ. ಇನ್ಸ್‌ಪೆಕ್ಟರ್ ಅವನನ್ನು ಮೇಲಿಂದ ಕೆಳಕ್ಕೆ ನೋಡಿದ. "ಹೊದಿಕೆ ಮಡಿಸೋದು ನಿಂಗೂ ಗೊತ್ತಲ್ವೇನಯ್ಯ?" ಇಸ್ತ್ರಿಯವನು ಗಂಟನ್ನು ಎತ್ತಿಕೊಂಡು ಮೇಜಿನ ಕಡೆ ಸರಿದ.

ಡೆಸ್ಕಮ್ಮ ಮಹಡಿ ಹತ್ತಿ ದೊಡ್ಡಕ್ಕನ ಕೋಣೆ ನೋಡಿದರು. ಮಂಚದ ಪಕ್ಕ ಗೋಡೆಗೆ ಒರಗಿಸಿದ ಊರುಗೋಲು. ಬಾಗಿಲಿಗೆ ಒಳಗಿನಿಂದ ಗಟ್ಟಿ ಅಗುಳಿ.

"ಆವತ್ತು ನೀನು ಬಂದಾಗಲೂ ಕೋಲು ಇಲ್ಲೇ ಇತ್ತಾ?"

"ಇಲ್ಲೇ ಇತ್ತು" ಎಂದಳು ಚಿಕ್ಕಕ್ಕ. "ಕೋಲಿಲ್ದೆ ಬಚ್ಚಲಿಗೂ ಹೋಗ್ತಿರ್ಲಿಲ್ಲ ಅವಳು."

ಡೆಸ್ಕಮ್ಮ ಆ ಕೋಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಂಚದ ಅಂಚಿಗೆ ಕೂತು, ಮಾಮನ ಫೋನು ಇಸಿದುಕೊಂಡು, ಆ ನಡಿಗೆ ಆ್ಯಪ್ ಹಾಕಿಕೊಡು ಎಂದರು. ಹಾಕುವಾಗ ಅದು ಕ್ಯಾಮೆರಾ ಕೇಳಿತು, ಸಂಪರ್ಕಗಳನ್ನು ಕೇಳಿತು, ಎಲ್ಲಿದ್ದೀರಿ ಎಂದು ಕೇಳಿತು. ಮಾಮ ಓದದೆಯೇ ಒತ್ತುತ್ತ ಹೋದ. "ಏನು ಒತ್ತಿದೆ ಈಗ?" ಎಂದು ಡೆಸ್ಕಮ್ಮ ಕೇಳುವಷ್ಟರಲ್ಲಿ ಅವನು ಇನ್ನೊಂದನ್ನು ಒತ್ತಿಯಾಗಿತ್ತು.

ದೊಡ್ಡಕ್ಕನ ಪುಟ ಹುಡುಕಲು ಕಷ್ಟವಾಗಲಿಲ್ಲ. ಗೆಳೆತನದ ಕೋರಿಕೆ ಬೇಕಾಗಲಿಲ್ಲ, ಅಪ್ಪಣೆ ಬೇಕಾಗಲಿಲ್ಲ. ಊರಿನ ನಕ್ಷೆಯ ಮೇಲೆ ಹಸಿರು ಗೆರೆಯೊಂದು ಇದೇ ಮನೆಯ ಹಿತ್ತಿಲ ಬಾಗಿಲಲ್ಲಿ ಹೊರಟು, ಕೆರೆ ಸುತ್ತಿ, ಮತ್ತೆ ಇಲ್ಲಿಗೇ ಬಂದಿತ್ತು. ದಿನವೂ ಅದೇ ಗಂಟೆ, ಅದೇ ದಾರಿ. ನಡೆಯುತ್ತಿರುವಾಗ ಚುಕ್ಕೆ ಎಲ್ಲಿದೆ ಎಂದು ಕೂಡ ಅದು ತೋರಿಸುತ್ತಿತ್ತು.

"ಇದನ್ನ ಯಾರು ಬೇಕಾದ್ರೂ ನೋಡಬಹುದಾ?"

"'ಎಲ್ಲರಿಗೂ ಕಾಣಲಿ' ಅಂತ ಒತ್ತಿದ್ರೆ ಕೂಪನ್ ಡಬಲ್ ಮೇಡಂ" ಎಂದಳು ಚಿಕ್ಕಕ್ಕ. "ನಾನೇ ಒತ್ತಿಕೊಟ್ಟೆ."

ದೊಡ್ಡಕ್ಕನ ಪ್ರತಿ ನಡಿಗೆಯ ಕೆಳಗೂ ಒಂದು ಚಪ್ಪಾಳೆಯ ಗುರುತಿತ್ತು. ದಿನವೂ ತಟ್ಟಿದವರು ಒಬ್ಬರೇ. ಹೆಸರಿರಲಿಲ್ಲ, ಮುಖದ ಜಾಗದಲ್ಲಿ ನೀಲಿ ಗುಂಡಿಯ ಚಿತ್ರವಿತ್ತು. ಯಾರೋ ಗುರುತಿಲ್ಲದವರು, ಅಕ್ಕನಿಗೆ ಅದೊಂದು ಖುಷಿ, ಸಂಜೆ ಕೂತು ನೋಡುತ್ತಿದ್ದಳು ಎಂದಳು ಚಿಕ್ಕಕ್ಕ. ಸತ್ತ ದಿನದ ನಡಿಗೆಗೂ ಚಪ್ಪಾಳೆ ಬಿದ್ದಿತ್ತು, ಬೆಳಿಗ್ಗೆ ಎಂಟರ ಸುಮಾರಿಗೆ. ಅಷ್ಟು ಹೊತ್ತಿಗೆ ಬೀದಿಗೆಲ್ಲ ಸಾವಿನ ಸುದ್ದಿ ಹರಡಿತ್ತು.

ಡೆಸ್ಕಮ್ಮ ನೀಲಿ ಗುಂಡಿಯನ್ನು ಮುಟ್ಟಿದರು. ಅದರದ್ದೂ ಎಲ್ಲರಿಗೂ ಕಾಣುವ ಪುಟವೇ. ಅಲ್ಲೂ ಒಂದು ಹಸಿರು ಗೆರೆ: ಊರಿನ ಆ ತುದಿಯ ಒಂದು ಮನೆಯಿಂದ ಬಸ್ ಡಿಪೋದ ಗೇಟಿನವರೆಗೆ, ವಾರದಲ್ಲಿ ಆರು ದಿನ.

ಫೋನನ್ನು ಮಾಮನ ಕೈಗೆ ಕೊಟ್ಟು ಅವರು ತಗ್ಗಿದ ದನಿಯಲ್ಲಿ ಹೇಳಿದರು. "ಹೋಗಿ ಕರ್ಕೊಂಡು ಬಾ. ತಾಯಿ ತೀರ್ಕೊಂಡ್ಲು ಅಂತ ನೀನೇ ಹೇಳಬೇಕಾಗುತ್ತೆ. ಬೇರೆ ಏನೂ ಹೇಳಬೇಡ."

ಡಿಪೋದಲ್ಲಿ ಹುಡುಕುವುದು ಕಷ್ಟವಾಗಲಿಲ್ಲ. ಅಲ್ಲಿ ಬಸ್ ಓಡಿಸುವ ಹೆಂಗಸು ಒಬ್ಬಳೇ. ಡಿಪೋದ ಕೊನೆಯಲ್ಲಿ ನಿಂತಿದ್ದ ಖಾಲಿ ಬಸ್ಸಿನ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ದೊಡ್ಡಕ್ಕನದೇ ಹಣೆ, ದೊಡ್ಡಕ್ಕನದೇ ಗಲ್ಲ. ಅಪಘಾತಗಳ, ಬೆಂಕಿಯ ಫೋಟೋ ತೆಗೆದು ಬಂದವನು ಮಾಮ. ಸುದ್ದಿ ಹೇಳುವ ಕೆಲಸ ಯಾವತ್ತೂ ಬೇರೆಯವರದಾಗಿತ್ತು. ಚಿಕ್ಕಮ್ಮ ಕಳಿಸಿದ್ದಾರೆ ಎಂದು ಶುರುಮಾಡಿ, ಎರಡು ಸಲ ತಡವರಿಸಿ, ಹೇಳಿದ.

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. "ಯಾವಾಗ?"

ಮಂಗಳವಾರ ಬೆಳಿಗ್ಗೆ, ಮನೆಯಲ್ಲಿ ಮೆಟ್ಟಿಲಿಂದ ಬಿದ್ದು ಎಂದ ಮಾಮ.

"ಮಂಗಳವಾರ ಬೆಳಿಗ್ಗೆ ಅಮ್ಮ ಮನೇಲಿರ್ಲಿಲ್ಲ" ಎಂದಳು. ಅರ್ಜಿಯಲ್ಲಿ ತಪ್ಪು ಅಂಕಣ ತುಂಬಿದವರನ್ನು ತಿದ್ದುವ ಹಾಗೆ, ಸಮಾಧಾನವಾಗಿಯೇ ಹೇಳಿದಳು. "ಕೆರೇಲಿ ನಡೀತಿದ್ಲು. ನಾನು ನೋಡಿದೀನಿ." ಫೋನು ತೆಗೆದು ತೋರಿಸಿದಳು. "ನೋಡಿ ಅಂಕಲ್. ಆರೂವರೆಗೆ ಇಲ್ಲಿ, ಆಚೆ ದಂಡೆ ಮೇಲೆ. ಎರಡು ದಿನದಿಂದ ನಡೆದಿಲ್ಲ, ಮಂಡಿ ಹಿಡ್ಕೊಂಡಿರಬೇಕು ಅಂದ್ಕೊಂಡೆ."

ಮಾಮನಿಗೆ ಡೆಸ್ಕಮ್ಮನ ಮಾತು ನೆನಪಿತ್ತು. ಚಿಕ್ಕಮ್ಮ ಕಾಯುತ್ತಿದ್ದಾರೆ, ಹೊರಡೋಣ ಎಂದಷ್ಟೇ ಹೇಳಿದ. ಮಿಕ್ಕಿದ್ದನ್ನು ಹೇಳು ಎಂದಿದ್ದರೂ ಹೇಳಲಾಗುತ್ತಿರಲಿಲ್ಲ.

ಸಂಜೆ ಅಂಗಡಿಯ ಷಟರ್ ಅರ್ಧ ಇಳಿಸಿ ಎಲ್ಲರೂ ಇಸ್ತ್ರಿ ಮೇಜಿನ ಸುತ್ತ ಕೂತರು. ಮಗಳು ದಾರಿಯಲ್ಲಿ ತನ್ನ ಕೋಣೆಗೆ ಹೋಗಿ ಕೋಟನ್ನು ತಂದಿದ್ದಳು. ಯಾರೂ ಕೇಳಿರಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು, ಚಿಕ್ಕಮ್ಮನ ಮುಖ ನೋಡದೆ ಕೂತಿದ್ದಳು.

"ಇನ್ಸ್‌ಪೆಕ್ಟರೇ, ಮೊದಲನೇ ಮಾತು" ಎಂದು ಡೆಸ್ಕಮ್ಮ ಶುರುಮಾಡಿದರು. "ದೊಡ್ಡಕ್ಕ ಕೆರೇಲಿದ್ದಳು ಅಂತ ಹೇಳಿದ್ದು ಯಾರು? ಫೋನು. ಫೋನಿಗೆ ಹೇಗೆ ಗೊತ್ತು? ಅದಕ್ಕೆ ಗೊತ್ತಿರೋದು ಅದು ಎಲ್ಲಿದೆ ಅನ್ನೋದಷ್ಟೇ. ಯಾರ ಚೀಲದಲ್ಲಿದೆ ಅಂತ ಗೊತ್ತಿಲ್ಲ."

ಮಿಕ್ಕಿದ್ದನ್ನು ಅವರು ವರದಿ ಒಪ್ಪಿಸುವಂತೆ ಒಂದೊಂದೇ ಬಿಡಿಸಿಟ್ಟರು. ಬಂದವರು ಬೀಗ ಒಡೆಯಲಿಲ್ಲ, ಬಾಗಿಲು ಅಲ್ಲಾಡಿಸಲಿಲ್ಲ. ಹಿಡಿ ಎತ್ತಿ ತಿರುಗಿಸುವುದು ಅವರಿಗೆ ಗೊತ್ತಿತ್ತು, ಕೈಯಲ್ಲಿ ಹಳೆಯ ಬೀಗದ ಕೈ ಇತ್ತು. ಗಲ್ಲಾಪೆಟ್ಟಿಗೆಯನ್ನು ಮುಟ್ಟದೆ ಒಂದು ಹಳೆಯ ಕೋಟನ್ನು ಒಯ್ದರು. ಒಯ್ಯುವ ಆತುರದಲ್ಲೂ ಹೊದಿಕೆಯನ್ನು ಮೂರು ಮಡಿಕೆ ಮಾಡಿಟ್ಟರು, ಯಾಕೆಂದರೆ ಈ ಅಂಗಡಿಯಲ್ಲಿ ಬೆಳೆದ ಕೈಗೆ ಅದನ್ನು ನೆಲಕ್ಕೆ ಎಸೆಯಲು ಬರುವುದಿಲ್ಲ. ಹಾಗಾದರೆ ಅಂಗಡಿಯವರೇ. ಅಂಗಡಿಯವರಲ್ಲಿ ಯಾರು?

"ಬಂದವರು ಮನೆ ಖಾಲಿ ಇರೋ ಹೊತ್ತು ನೋಡಿ ಬಂದಿದಾರೆ. ಅಂದ್ರೆ ಮನೆ ಖಾಲಿ ಅಂತ ನಂಬಿದ್ರು. ಚಿಕ್ಕಕ್ಕ ನಂಬೋಕೆ ಸಾಧ್ಯವಿಲ್ಲ, ಅಕ್ಕನ ಫೋನು ಅವಳ ಚೀಲದಲ್ಲೇ ಇತ್ತು. ಇಸ್ತ್ರಿಯವನೂ ನಂಬಲ್ಲ, ದಿನಾ ಬೆಳಿಗ್ಗೆ ದೊಡ್ಡಕ್ಕ ಮೇಲಿನ ಕಿಟಕಿಯಿಂದ ಇವನಿಗೆ ಷಟರ್ ಕೀ ಎಸೀತಿದ್ಲು. ಇಡೀ ಬೀದೀಲಿ ಯಾರೂ ನಂಬಲ್ಲ. ಆ ಚುಕ್ಕೇನ ನಂಬೋರು ದೂರದಲ್ಲಿರೋರು ಮಾತ್ರ. ಅದನ್ನ ದಿನಾ ನೋಡೋರು."

ಇನ್ಸ್‌ಪೆಕ್ಟರ್ ಮಗಳ ಕಡೆ ತಿರುಗಿದ. ಡೆಸ್ಕಮ್ಮ ಕೈ ಎತ್ತಿ ಅವನನ್ನು ತಡೆದರು.

"ಕೊಲೆ ಮಾಡಿದೋಳು ಎಂಟು ಗಂಟೆಗೆ ಚಪ್ಪಾಳೆ ತಟ್ಟಲ್ಲ. ತಾಯಿ ನಡೆದು ಮುಗಿಸಿದ್ಲು ಅಂತ ಅಂದ್ಕೊಂಡೇ ಇವಳು ತಟ್ಟಿದ್ದು. ನೀನು ಹೇಳಮ್ಮ. ಏನಾಯ್ತು?"

ಅವಳು ಕೋಟಿನ ಕಾಲರನ್ನು ಬೆರಳಿನಿಂದ ಸವರುತ್ತಲೇ ಹೇಳಿದಳು. ದೂರದ ಡಿಪೋಗೆ ವರ್ಗವಾಗಿತ್ತು, ಮುಂದಿನ ವಾರ ಹೊರಡಬೇಕಿತ್ತು. ಅಪ್ಪನದೊಂದು ಏನಾದರೂ ಬೇಕಿತ್ತು. ಹಿತ್ತಿಲ ಓಣಿಯಲ್ಲಿ ಹಾದುಹೋಗುವಾಗ ಕಿಟಕಿಯ ಗಾಜಿನಾಚೆ ಆ ಕೋಟನ್ನು ಎಷ್ಟೋ ಸಲ ಕಂಡಿದ್ದಳು. ಕೇಳಲು ಧೈರ್ಯವಿರಲಿಲ್ಲ. ಅಮ್ಮ, ಚಿಕ್ಕಮ್ಮ ಇಬ್ಬರ ಚುಕ್ಕೆಗಳೂ ಕೆರೆ ಮುಟ್ಟುವವರೆಗೆ ಮನೆ ಕಾಣದ ಒಂದು ಮೂಲೆಯಲ್ಲಿ ನಿಂತು, ಆಮೇಲೆ ಒಳಗೆ ಬಂದಳು.

"ಕೋಟು ತೆಗೀತಿದ್ದಾಗ ಮೇಲೆ ಏನೋ ಓಡಾಡಿದ ಹಾಗಾಯ್ತು. ಫೋನು ನೋಡಿದೆ. ಅಮ್ಮ ಕೆರೇಲೇ ಇದ್ಲು. ಆಮೇಲೆ ಮೆಟ್ಟಿಲ ಮೇಲೆ ಧೊಪ್ ಅಂತು." ಅವಳು ಇಸ್ತ್ರಿಯವನನ್ನು ನೋಡಿದಳು. "ಅಣ್ಣ ಬೇಗ ಬಂದು ಗಂಟು ಉರುಳಿಸ್ತಿದಾನೆ ಅಂದ್ಕೊಂಡೆ. ಕಂಡ್ರೆ ಅಮ್ಮಂಗೆ ಹೇಳ್ತಾನೆ ಅಂತ ಓಡಿದೆ."

ಇಸ್ತ್ರಿಯವನು ಮುಖ ಮುಚ್ಚಿಕೊಂಡ. ಚಿಕ್ಕಕ್ಕ ಎದ್ದು ಹೋಗಿ ಅವಳ ಪಕ್ಕ ಕೂತಳು, ಮುಟ್ಟಲಿಲ್ಲ.

"ಗಂಟು ಬಿದ್ದ ಸದ್ದೇ ಅದು" ಎಂದಳು ಮಗಳು ಮತ್ತೆ. "ಚಿಕ್ಕಂದಿನಿಂದ ಕೇಳಿದೀನಿ." ಆಮೇಲೆ ಡೆಸ್ಕಮ್ಮನನ್ನು ಕೇಳಿದಳು, "ನಾನು ಹೋಗಿ ನೋಡಿದ್ರೆ ಉಳೀತಿದ್ಲಾ?"

ಇಲ್ಲ ಎಂದುಬಿಡಿ ಎಂದು ಮಾಮ ಮನಸ್ಸಿನಲ್ಲೇ ಬೇಡಿಕೊಂಡ. ಇಷ್ಟು ವರ್ಷದಲ್ಲಿ ಅವನು ಅವರಿಂದ ಒಂದೇ ಒಂದು ಸುಳ್ಳು ಬಯಸಿದ್ದು ಆಗ.

"ಡಾಕ್ಟರ ವರದೀಲಿ ಅದಿಲ್ಲ" ಎಂದರು ಡೆಸ್ಕಮ್ಮ. "ಇಲ್ಲದ್ದನ್ನ ನಾನು ಹೇಳಲ್ಲ. ಇರೋದನ್ನ ಹೇಳ್ತೀನಿ, ಕೇಳು."

ಅವರು ಮೇಜಿನ ಮೇಲೆ ಊರುಗೋಲನ್ನು ಇಟ್ಟರು.

"ಕಳ್ಳ ಬಂದ ಅಂದ್ಕೊಂಡಿದ್ರೆ ನಿಮ್ಮಮ್ಮ ಅಗುಳಿ ಹಾಕ್ಕೋತಿದ್ಲು. ಇಲ್ಲ, ಈ ಕೋಲು ಹಿಡ್ಕೊಂಡು ಕಿಟಕೀಲಿ ಕೂಗ್ತಿದ್ಲು. ಎರಡೂ ಮಾಡಲಿಲ್ಲ. ಕೋಲಿಲ್ದೆ ಬಚ್ಚಲಿಗೂ ಹೋಗದವಳು ಕೋಲು ಬಿಟ್ಟು ಮೆಟ್ಟಿಲಿಗೆ ಬಂದ್ಲು. ಕೆಳಗಡೆ ಬಾಗಿಲು ಅಲ್ಲಾಡದೆ, ಬರೀ ಕ್ಲಿಕ್ ಅಂತ ತೆಗೀತು. ಹಾಗೆ ತೆಗೆಯೋಕೆ ಬರೋದು ಮೂರೇ ಜನಕ್ಕೆ. ತಾನು ಮೇಲಿದಾಳೆ. ತಂಗಿ ಆಗತಾನೇ ಕೆರೆಗೆ ಹೋದ್ಲು. ಇನ್ನು ಉಳಿದೋರು ಯಾರು ಅಂತ ಅವಳಿಗೆ ಗೊತ್ತಾಯ್ತು."

ಮಗಳು ತಲೆ ಎತ್ತಿದಳು.

"ಇನ್ನೊಂದು. ಕೂಪನ್ ಒಂದೂ ಬಳಸಿಲ್ಲ. ಆದ್ರೂ ದಿನಾ ಫೋನು ಕೆರೆಗೆ ಹೋಗಲೇಬೇಕಿತ್ತು. ಯಾಕೆ? ಆ ಡಬ್ಬಿ ತುಂಬ ಗುಂಡಿ ಯಾರು ಆರಿಸಿಟ್ಟಿದ್ದು ಅಂತ ಅವಳಿಗೆ ಗೊತ್ತಿಲ್ವಾ? ನೀಲಿ ಗುಂಡಿ ನೋಡಿದ ದಿನಾನೇ ಗೊತ್ತಾಗಿರುತ್ತೆ. ಮಂಡಿ ಹೋದ ಮೇಲೆ ಚುಕ್ಕೆ ನಿಂತುಬಿಟ್ರೆ ನೀನು ಗಾಬರಿಯಾಗ್ತೀಯ ಅಂತ ತಂಗಿ ಕೈಲಿ ನಡೆಸಿದ್ಲು. ಇದು ನನ್ನ ಊಹೆ. ಆದ್ರೆ ಇದನ್ನ ಬಿಟ್ಟರೆ ಬೇರೆ ಯಾವ ಕಾರಣಾನೂ ಆ ಹಾಳಾದ ಕೂಪನ್‌ಗಳಿಗೆ ಹೊಂದಲ್ಲ."

ಚಿಕ್ಕಕ್ಕ ಅವಳ ಕಡೆ ತಿರುಗಿ ಅಂದಳು, "ಹೇಳಬಾರದಿತ್ತೇನೇ ಅವಳು ನಂಗೆ. ನಾನೇ ಬಂದು ನಿನ್ನ ಕರ್ಕೊಂಡು ಬರ್ತಿದ್ದೆ."

"ನಾನೂ ಒಂದಿನ ಕೆರೆ ಹತ್ರ ಬಂದಿದ್ರೆ ಸಾಕಿತ್ತು ಚಿಕ್ಕಮ್ಮ" ಎಂದಳು ಮಗಳು. "ದೂರದಿಂದಾದ್ರೂ ನೋಡಿದ್ರೆ. ಫೋನಲ್ಲಿ ಕಾಣ್ತಿದ್ಲಲ್ಲ, ಅಷ್ಟೇ ಸಾಕು ಅಂದ್ಕೊಂಡಿದ್ದೆ."

ಆಗ ಚಿಕ್ಕಕ್ಕ ಅವಳನ್ನು ಎಳೆದು ಅಪ್ಪಿಕೊಂಡಳು. ಕೋಟು ಇಬ್ಬರ ನಡುವೆ ಸಿಕ್ಕಿಕೊಂಡಿತು. ಮಾಮನ ಕೊರಳಲ್ಲಿ ಎಂದಿನಂತೆ ಕ್ಯಾಮೆರಾ ಇತ್ತು. ಅವನು ಅದರ ಕಣ್ಣಿಗೆ ಮುಚ್ಚಳ ಹಾಕಿದ.

ಇನ್ಸ್‌ಪೆಕ್ಟರ್ ಆಕಸ್ಮಿಕ ಸಾವು ಎಂದು ಬರೆದು ಕೈ ತೊಳೆದುಕೊಂಡ. ಮನೆಗೆ ಹಿಂದಿರುಗುವಾಗ ಮಾಮ ತನ್ನ ಫೋನಿನಿಂದ ಆ ಆ್ಯಪನ್ನು ತೆಗೆದುಹಾಕಲು ಹೊರಟರೆ, ಮೂರು ಸಲ ನಿಜವಾಗಿಯೂ ಹೋಗುತ್ತೀರಾ ಎಂದು ಅದು ಕೇಳಿತು. ನಿಜವಾಗಿಯೂ ಸೇರುತ್ತೀರಾ ಎಂದು ಸೇರುವಾಗ ಒಂದು ಸಲವೂ ಕೇಳಿರಲಿಲ್ಲ.

ದೊಡ್ಡಕ್ಕನ ಖಾತೆ ಮುಚ್ಚಿರೆಂದು ಚಿಕ್ಕಕ್ಕ ಆ್ಯಪ್‌ನವರಿಗೆ ಬರೆದಳು. ಖಾತೆಯ ಒಡತಿಯೇ ತನ್ನ ಫೋನಿನಿಂದ ಒಪ್ಪಿಗೆ ಕೊಡಬೇಕು ಎಂದು ಉತ್ತರ ಬಂತು. ಮುಂದಿನ ಸೋಮವಾರ, ದೂರದ ಡಿಪೋದಲ್ಲಿ ಕೆಲಸಕ್ಕೆ ಹಾಜರಾದ ದಿನ, ಮಗಳ ಫೋನಿಗೆ ಒಂದು ಸಂದೇಶ ಬಂತು: ನಿಮ್ಮ ಗೆಳತಿ ಕೆಲವು ದಿನಗಳಿಂದ ನಡೆದಿಲ್ಲ, ಒಂದು ಚಪ್ಪಾಳೆ ತಟ್ಟಿ ಹುರಿದುಂಬಿಸಿ. ಅದು ಈಗಲೂ ಪ್ರತಿ ಸೋಮವಾರ ಬರುತ್ತದೆ.